ಹಾಜರಿಗಿಂತ ಹೆಚ್ಚಾದ ಉತ್ತರಪತ್ರಿಕೆಗಳು



ಲಾಗೋಸ್‌ನಲ್ಲಿ ಹಲವು ವರ್ಷ ದುಡಿದು ಮರಳಿರುವ ನನ್ನ ಶಿಷ್ಯನೊಬ್ಬ ಕಳೆದ ವಾರ ಮನೆಗೆ ಬಂದಿದ್ದ. ನೈಜೀರಿಯಾದ ಇಮೋ ರಾಜ್ಯದ ಗವರ್ನರ್ ಚುನಾವಣೆಯ ಮಾತು ಬಂದಾಗ, "ಸರ್ವೋಚ್ಚ ನ್ಯಾಯಾಲಯವೇ ತೀರ್ಪು ಕೊಟ್ಟಾಯಿತಲ್ಲ ಮೇಷ್ಟ್ರೇ, ಇನ್ನೇನು?" ಎಂದ. ಕಾಫಿ ಆರಿಹೋಗುವವರೆಗೂ ವಾದಿಸಿದೆವು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡು ಬರುವವರಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ ರಾಜ್ಯವನ್ನಾಳುವವರು. 2019ರ ಮಾರ್ಚ್ ತಿಂಗಳ ಚುನಾವಣೆಯಲ್ಲಿ 2,73,404 ಮತ ಪಡೆದ ಎಮೆಕಾ ಇಹೆದಿಯೋಹಾ ಗೆದ್ದರೆಂದು ಆಯೋಗ ಘೋಷಿಸಿತು. ಹೋಪ್ ಉಜೋದಿಮ್ಮಾ 96,458 ಮತ ಪಡೆದು ನಾಲ್ಕನೆಯ ಸ್ಥಾನದಲ್ಲಿದ್ದರು. 388 ಮತಗಟ್ಟೆಗಳ ಫಲಿತಾಂಶವನ್ನು ಎಣಿಕೆಯಿಂದ ಹೊರಗಿಡಲಾಗಿದೆ ಎಂಬುದು ಅವರ ದೂರು. ಆ ಪಟ್ಟಿಗಳ ಪ್ರತಿಗಳನ್ನು ಪೊಲೀಸ್ ಅಧಿಕಾರಿಯೊಬ್ಬರು ತಂದು ಹಾಜರುಪಡಿಸಿದರು. ಚುನಾವಣಾ ನ್ಯಾಯಮಂಡಳಿಯೂ ಮೇಲ್ಮನವಿ ನ್ಯಾಯಾಲಯವೂ ದೂರನ್ನು ತಳ್ಳಿಹಾಕಿದವು. ಆದರೆ 2020ರ ಜನವರಿ 14ರಂದು ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಆ ಮತಗಳನ್ನು ಕೂಡಿಸಿದರು. ನಾಲ್ಕನೆಯವರು ಮೊದಲಿಗರಾದರು. ಏಳೂವರೆ ತಿಂಗಳು ಆಳಿದ್ದ ಇಹೆದಿಯೋಹಾ ಮನೆಗೆ ನಡೆದರು.

ಮತಗಟ್ಟೆಗಳನ್ನು ಅನ್ಯಾಯವಾಗಿ ಕೈಬಿಟ್ಟಿದ್ದರೆ ಅದು ಮತದಾರನಿಗೆ ಬಗೆದ ದ್ರೋಹವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊಸ ಮೊತ್ತವನ್ನು ನೋಡಿ. ಇಹೆದಿಯೋಹಾ ಪರ ವಕೀಲರು ಮರುಪರಿಶೀಲನಾ ಅರ್ಜಿಯಲ್ಲಿ ಮುಂದಿಟ್ಟ ಲೆಕ್ಕದಂತೆ, ಅಂದು ಗುರುತು ತೋರಿಸಿ ಮತದಾನಕ್ಕೆ ನೋಂದಾಯಿಸಿಕೊಂಡವರು 8,23,743 ಮಂದಿ. ತೀರ್ಪಿನ ನಂತರದ ಒಟ್ಟು ಮತಗಳು 9,50,952. ಹೆಚ್ಚುವರಿ ಮತಗಳೇ 1,27,209!

ನೀವೆಲ್ಲ ನನ್ನ ಪರೀಕ್ಷಾ ಕೊಠಡಿಯಲ್ಲಿ ಕುಳಿತವರು. ಹಾಜರಿ ಪುಸ್ತಕದಲ್ಲಿ ನಲವತ್ತು ಹೆಸರಿದ್ದು, ಕಟ್ಟಿನಲ್ಲಿ ನಲವತ್ತಾರು ಉತ್ತರಪತ್ರಿಕೆಗಳಿದ್ದರೆ ನಾನು ಅಂಕ ಕೂಡಿಸುತ್ತಾ ಕೂರುತ್ತಿದ್ದೆನೇ? ಮೊದಲು ಕಟ್ಟು ಬಿಚ್ಚಿ, ಆರು ಎಲ್ಲಿಂದ ಬಂದವೆಂದು ಕೇಳುತ್ತಿದ್ದೆ. (ಒಮ್ಮೆ ಹಾಗೆ ಕೇಳಿದ್ದಕ್ಕೆ ಮೇಲಿನವರಿಂದ ಬೈಸಿಕೊಂಡದ್ದೂ ಉಂಟು. ಅದು ಬೇರೆ ಕಥೆ.)

ದಾರಿ ಇರಲಿಲ್ಲವೆಂಬ ಸಮರ್ಥನೆಯೂ ನಿಲ್ಲದು. 2018ರ ಸೆಪ್ಟೆಂಬರ್‌ನಲ್ಲಿ ಅದೇ ದೇಶದ ಓಸುನ್ ರಾಜ್ಯದಲ್ಲಿ ಗೆಲುವಿನ ಅಂತರ 353 ಮತಗಳಷ್ಟೇ ಇತ್ತು. ಮತದಾನ ರದ್ದಾಗಿದ್ದ ಕಡೆಗಳಲ್ಲಿ ಅದಕ್ಕಿಂತ ಹೆಚ್ಚು ಮತದಾರರಿದ್ದುದರಿಂದ ಆಯೋಗ ಗೆದ್ದವರನ್ನು ಘೋಷಿಸದೆ, ಏಳು ಮತಗಟ್ಟೆಗಳಲ್ಲಿ ಮತ್ತೆ ಮತದಾನ ನಡೆಸಿತು. ಆ ಮರುಮತದಾನದ ಮೇಲೂ ದೂರುಗಳಿದ್ದವು, ನಿಜ. ಆದರೂ ಜನರನ್ನು ಮತ್ತೆ ಕೇಳಬಹುದು ಎಂಬುದಕ್ಕೆ ಅದು ಸಾಕ್ಷಿ. ಏಳಕ್ಕೆ ಸಲ್ಲುವ ನ್ಯಾಯ 388ಕ್ಕೆ ಏಕೆ ಸಲ್ಲಬಾರದು?

2020ರ ಮಾರ್ಚ್ 3ರಂದು ಅರ್ಜಿ ವಜಾ ಆಯಿತು. ಅಂತಿಮ ತೀರ್ಪನ್ನು ಮತ್ತೆ ತೆರೆಯಲಾಗದೆಂಬುದು ಆರು ಮಂದಿಯ ನಿಲುವು. ನ್ಯಾಯಮೂರ್ತಿ ಚಿಮಾ ನ್ವೆಜೆ ಒಬ್ಬರೇ ಭಿನ್ನಮತ ಬರೆದು, ಜನವರಿಯ ತೀರ್ಪು ತಪ್ಪು, ಅದನ್ನು ರದ್ದುಪಡಿಸಬೇಕು ಎಂದರು. ತನ್ನದೇ ನ್ಯಾಯಾಲಯದ ತೀರ್ಪನ್ನು ತಪ್ಪೆನ್ನಲು ಎಂಥ ಗುಂಡಿಗೆ ಬೇಕು! ಅವರು 2023ರಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಉಜೋದಿಮ್ಮಾ ಎರಡನೆಯ ಅವಧಿಗೂ ಗೆದ್ದರು. 2019ರ ಆ 388 ಮತಗಟ್ಟೆಗಳ ಜನರನ್ನು ಮಾತ್ರ ಮತ್ತೆ ಕರೆದು ಯಾರೂ ಕೇಳಲಿಲ್ಲ.

ಶಿಷ್ಯ ಇನ್ನೂ ಒಪ್ಪಿಲ್ಲ. ಮುಂದಿನ ವಾರ ಬರುವೆನೆಂದು ಹೇಳಿ ಹೋಗಿದ್ದಾನೆ.