ನೆರಳು ಯಾರ ಸ್ವತ್ತು?

ಬೇಸಿಗೆ ಬಂತೆಂದರೆ ಉಳ್ಳವರ ಮನೆಯಲ್ಲಿ ತಂಪಿನ ಯಂತ್ರ ತಿರುಗುತ್ತದೆ. ಇಲ್ಲದವನು ಮರ ಹುಡುಕುತ್ತಾನೆ. ಪಾಳಿ ಮುಗಿಸಿ ಗಿರಣಿಯಿಂದ ಹೊರಬಿದ್ದ ಕಾರ್ಮಿಕನಿಗೂ, ಬೆಳಗಿನಿಂದ ತಳ್ಳುಗಾಡಿಯ ಮುಂದೆ ನಿಂತ ವ್ಯಾಪಾರಿಗೂ ಮಧ್ಯಾಹ್ನದ ನೆರಳೆಂದರೆ ಆರೋಗ್ಯ, ಅಂದಿನ ಅನ್ನ. ಆದರೆ ನಗರ ಕಟ್ಟುವವರ ನಕ್ಷೆಯಲ್ಲಿ ರಸ್ತೆಗೆ ಅಳತೆಯುಂಟು, ಚರಂಡಿಗೆ ಅಳತೆಯುಂಟು, ನೆರಳಿಗೆ ಮಾತ್ರ ಅಳತೆಯಿಲ್ಲ.

ಬೆಂಗಳೂರಿನ ಜಯನಗರವನ್ನು ನೋಡಿ. ಅಲ್ಲಿಯ ಸಂಗತಿ ನಮಗೇಕೆಂದು ಓದುಗರು ಕೇಳಬಹುದು. ನಮ್ಮ ನಗರಸಭೆಗಳು ಬೆಂಗಳೂರನ್ನು ನೋಡಿಯೇ ಕಾಪಿ ಬರೆಯುತ್ತವೆ. ಮೂಲದಲ್ಲಿ ತಪ್ಪಿದ್ದರೆ ಪ್ರತಿಯಲ್ಲೂ ತಪ್ಪು. 1948ರಲ್ಲಿ ರಾಜಾಜಿಯವರಿಂದ ಅಡಿಗಲ್ಲು ಹಾಕಿಸಿಕೊಂಡ ಬಡಾವಣೆ ಅದು. ಅದರ ನೆನಪಿನ ಅಶೋಕ ಸ್ತಂಭ ಇಂದಿಗೂ ನಿಂತಿದೆ. ಅಗಲ ರಸ್ತೆ, ಇಕ್ಕೆಲದಲ್ಲಿ ಸಾಲುಮರ, ನಡುನಡುವೆ ಉದ್ಯಾನ. ಸಾರ್ವಜನಿಕ ಸಂಸ್ಥೆಯೊಂದು ಮನಸ್ಸು ಮಾಡಿದರೆ ಏನು ಸಾಧ್ಯವೆಂಬುದಕ್ಕೆ ಅದೇ ಸಾಕ್ಷಿ.

ಬೆಂಗಳೂರು ತಂಪಿನ ಊರೆಂಬ ಹೆಸರು ಈಗ ಹಳೆಯ ಮಾತು. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ಬಿಸಿಲು ದಾಖಲಾಯಿತು. ನಮ್ಮ ಬಯಲುಸೀಮೆಯ ಪಾಡು ಹೇಳಬೇಕಾಗಿಲ್ಲ. ಇದಕ್ಕೆ ಮದ್ದೇನು? ಗೋಡೆಯಂತೂ ಅಲ್ಲ. ಏಪ್ರಿಲ್ 24ರ ಸುಮಾರಿಗೆ ನಡುಹಗಲಿನಲ್ಲಿ ಸೂರ್ಯನು ಬೆಂಗಳೂರಿನ ನೆತ್ತಿಯ ನೇರಕ್ಕೆ ಬರುತ್ತಾನೆ. ಶಾಲೆಯ ಅಂಗಳದಲ್ಲಿ ಕೋಲು ನೆಟ್ಟರೆ ಅದರ ನೆರಳು ಬುಡದಲ್ಲೇ ಅಡಗುವುದನ್ನು ಮಕ್ಕಳೂ ಕಾಣಬಲ್ಲರು. ಹತ್ತು ಅಂತಸ್ತಿನ ಕಟ್ಟಡವಾದರೂ ಆ ಹೊತ್ತಿಗೆ ಬೀದಿಗೆ ಗೇಣು ನೆರಳು ಕೊಡದು. ಹಗಲು ಕುಡಿದ ಕಾವನ್ನು ರಾತ್ರಿ ಉಗುಳುವುದಷ್ಟೇ ಅದರ ಉಪಕಾರ. ನೆತ್ತಿಯ ಬಿಸಿಲಿಗೆ ನೆತ್ತಿಯ ಮೇಲೆಯೇ ತಡೆ ಬೇಕು: ಮರ, ಚಪ್ಪರ, ಅಂಗಡಿಯ ಮುಂದಿನ ಸೂರು. ಕರಾವಳಿಯಲ್ಲಿ ನೆರಳಲ್ಲಿ ಕುಳಿತರೂ ಬೆವರು ಆರದು. ನಮ್ಮ ಒಣಹವೆಯಲ್ಲಿ ಬೆವರು ಬೇಗ ಆರುವುದರಿಂದ ನೆರಳೊಂದೇ ಅರ್ಧ ಔಷಧಿ.

ಅದರಲ್ಲೂ ಯಾವ ಮರ? ಬೆಂಗಳೂರಿನಲ್ಲಿ ಗುಲಾಬಿ ಬಣ್ಣದ ಟಬೂಬಿಯ ಹೂವಿಗೆ ಮರುಳಾಗುವವರು ಬಹಳ. ಹೂ ಬಿಡುವ ಹೊತ್ತಿಗೆ ಅದು ಎಲೆ ಉದುರಿಸಿ ನಿಂತಿರುತ್ತದೆ. ಕಣ್ಣಿಗೆ ಹಬ್ಬ, ತಲೆಗೆ ಬಿಸಿಲು. ನಮ್ಮ ಹೊಂಗೆಯಾದರೋ ಯುಗಾದಿಯ ಆಸುಪಾಸಿನಲ್ಲಿ ಹೊಸ ಎಲೆ ತಳೆದು, ಬಿಸಿಲು ಏರುವ ಹೊತ್ತಿಗೆ ದಟ್ಟವಾಗುತ್ತದೆ. ಅದರ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸಿದ ನಮ್ಮ ಹಿರಿಯರು ದಡ್ಡರಾಗಿರಲಿಲ್ಲ.

ನೆಟ್ಟ ನೆರಳನ್ನು ಉಳಿಸಿಕೊಂಡೆವೆ? 2009ರಲ್ಲಿ ಮೆಟ್ರೋ ಹಾದಿಗಾಗಿ ಜಯನಗರದ ಲಕ್ಷ್ಮಣರಾವ್ ಉದ್ಯಾನದ ಮರಗಳು ಉರುಳಿದವು. ಜನ ಬೀದಿಗಿಳಿದು ಪ್ರತಿಭಟಿಸಿದರು. 2017ರಲ್ಲಿ ಆ ಹಾದಿಯಲ್ಲಿ ರೈಲು ಓಡಿತು. ಕಾರ್ಮಿಕನಿಗೆ ರೈಲು ಬೇಕು, ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ರೈಲಿಳಿದು ಕಾರ್ಖಾನೆಗೆ ನಡೆಯುವ ಒಂದು ಮೈಲಿಯ ನೆರಳನ್ನು ತೀರಿಸಬೇಕಾದ ಸಾಲವೆಂದು ಯಾರೂ ಲೆಕ್ಕಕ್ಕೆ ಬರೆದುಕೊಳ್ಳಲಿಲ್ಲ.

ಉದ್ಯಾನಗಳ ಕಥೆ ಇನ್ನೂ ವಿಚಿತ್ರ. ಬೆಳಿಗ್ಗೆ 10ಕ್ಕೆ ಬೀಗ, ಮಧ್ಯಾಹ್ನ ಒಂದೂವರೆಯವರೆಗೆ ಬೀಗ: ಬೆಂಗಳೂರಿನಲ್ಲಿ ಬಹುಕಾಲ ಇದೇ ನಿಯಮವಾಗಿತ್ತು. ಸುಡುವ ಹೊತ್ತಿನಲ್ಲೇ ನೆರಳಿಗೆ ಬೀಗ! ವಾಯುವಿಹಾರದವರಿಗೆ ಬಾಗಿಲು ತೆರೆದಿತ್ತು, ಬುತ್ತಿ ಬಿಚ್ಚುವವನಿಗೆ ಮುಚ್ಚಿತ್ತು. 2024ರ ಜೂನ್‌ನಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನವಾದದ್ದು ಸ್ವಾಗತಾರ್ಹ. ಕಸ ಗುಡಿಸಲು, ಕಾವಲಿಗೆ ತೊಂದರೆ ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ಇನ್ನಷ್ಟು ಮಂದಿಗೆ ಕೆಲಸ ಕೊಡಿ, ಬಾಗಿಲು ಮುಚ್ಚಬೇಡಿ.

ಇನ್ನು ಬೀದಿ ವ್ಯಾಪಾರಿಗಳು. 2023ರ ನವೆಂಬರ್‌ನಲ್ಲಿ ಆಗಿನ ಮಹಾನಗರ ಪಾಲಿಕೆಯು ಜಯನಗರ 4ನೆಯ ಬ್ಲಾಕಿನ ಪಾದಚಾರಿ ಮಾರ್ಗದಿಂದ ಅವರನ್ನು ಎಬ್ಬಿಸಿತು. ನಡೆಯುವವರಿಗೆ ದಾರಿ ಬೇಕೆಂಬ ಮಾತು ಸುಳ್ಳಲ್ಲ. ಮಕ್ಕಳೂ ಮುದುಕರೂ ರಸ್ತೆಗಿಳಿದು ವಾಹನಗಳ ನಡುವೆ ನಡೆಯಬೇಕೆಂದು ನಾವು ವಾದಿಸುವುದಿಲ್ಲ. ಆದರೆ 2014ರ ಕೇಂದ್ರ ಕಾನೂನು ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದೆನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ರಷ್ಟಾದರೂ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕೆನ್ನುತ್ತದೆ. ನೆರಳಿದ್ದಲ್ಲಿ ಜನ, ಜನವಿದ್ದಲ್ಲಿ ವ್ಯಾಪಾರ. ಈ ಸರಳ ಸತ್ಯ ತಿಳಿದವರು ಮರದ ಸಾಲಿನಲ್ಲಿ ವ್ಯಾಪಾರಿಗೂ ನಡೆಯುವವನಿಗೂ ಗೆರೆ ಎಳೆದು ಜಾಗ ಗೊತ್ತುಮಾಡುತ್ತಾರೆ. ತಿಳಿಯದವರು ಲಾರಿ ತಂದು ಗಾಡಿ ಎತ್ತುತ್ತಾರೆ.

ಸ್ಪೇನಿನ ಸೆವಿಲ್ ಪಟ್ಟಣದಲ್ಲಿ ಬೇಸಿಗೆಗೆ ಅಂಗಡಿ ಬೀದಿಗಳ ಮೇಲೆ ಅಡ್ಡಲಾಗಿ ಬಟ್ಟೆ ಕಟ್ಟುತ್ತಾರೆ. ಜಾತ್ರೆಗೆ ಚಪ್ಪರ ಹಾಕುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. 2010ರ ಬಿಸಿಗಾಳಿಯಲ್ಲಿ ಬೆಂದ ಅಹಮದಾಬಾದು 2013ರಲ್ಲಿ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು. ನಮ್ಮ ಊರು ಯಾವುದಕ್ಕೆ ಕಾಯುತ್ತಿದೆ?

ನಮ್ಮ ಬೇಡಿಕೆ ದೊಡ್ಡದಲ್ಲ. ಗಿರಣಿಯಿಂದ ಸಂತೆಯವರೆಗಿನ ದಾರಿಗೆ ಹೊಂಗೆ, ಬೇವು ನೆಡಿ. ಬುಡಕ್ಕೆ ಕಾಂಕ್ರೀಟು ಸುರಿಯದೆ ಮಣ್ಣು ಬಿಡಿ. ಮರ ಬೆಳೆಯುವವರೆಗೆ ಚಪ್ಪರ ಹಾಕಿ. ಬಸ್ಸು ನಿಲ್ಲುವಲ್ಲಿ ಸೂರು, ಕಲ್ಲುಬೆಂಚು, ಅರವಟ್ಟಿಗೆ ಇರಲಿ. ಉದ್ಯಾನದ ಬಾಗಿಲು ಮಧ್ಯಾಹ್ನ ತೆರೆದಿರಲಿ. ಮುಂದಿನ ಆಯವ್ಯಯದಲ್ಲಿ ನೆರಳಿಗೊಂದು ಕಲಮು ಇರಲೇಬೇಕು.

ಓಟು ಕೇಳಲು ಬರುವ ಮಹಾಶಯರನ್ನು ಈ ಸಲ ಮನೆಯೊಳಗೆ ಕೂರಿಸಬೇಡಿ. ನಡುಹಗಲಿನಲ್ಲಿ ನಮ್ಮ ಬಸ್ ನಿಲ್ದಾಣಕ್ಕೆ ಕರೆದೊಯ್ದು, ಅರ್ಧ ಗಂಟೆ ನಿಲ್ಲಿಸಿ ಮಾತಾಡಿಸಿ. ಉಳಿದ ವಾದವನ್ನು ಬಿಸಿಲೇ ಮಾಡುತ್ತದೆ.