ಚೌಡಿಕೆ ಎರಡು ರಾಜ್ಯದ್ದು, ಹಾಡಿದವರ ಹೆಸರೆಲ್ಲಿ?

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುವವರಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರ ಕಡೆಯವರು ಸಾವಿರಗಟ್ಟಲೆ. ಜೋಗುಳಬಾವಿಯಲ್ಲಿ ಮಿಂದು, ಭಂಡಾರ ಹಚ್ಚಿಕೊಂಡು ಗುಡ್ಡ ಏರುವಾಗ ಕನ್ನಡದ ‘ಉಧೋ’ ಯಾವುದು, ಮರಾಠಿಯದು ಯಾವುದು ಎಂದು ಯಾರೂ ಕೇಳುವುದಿಲ್ಲ. ಎರಡೂ ಕಡೆಯ ಜೋಗತಿಯರ ಕೈಯಲ್ಲಿರುವುದು ಒಂದೇ ವಾದ್ಯ. ಮರದ ಪೊಳ್ಳು ಕೊಳವೆ, ಅದರ ಒಂದು ಬಾಯಿಗೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿ ಸೇರುವ ಒಂದು ತಂತಿ. ಬಿಗಿ ಸಡಿಲ ಮಾಡುತ್ತ ಮೀಟಿದರೆ ನಾದವೂ ತಾಳವೂ ಒಟ್ಟಿಗೇ ಹೊಮ್ಮುತ್ತವೆ. ನಮ್ಮಲ್ಲಿ ಅದು ಚೌಡಿಕೆ, ಅವರಲ್ಲಿ ಚೌಂಡಕ.

ಇದು ಯಾರದ್ದು ಎಂಬ ಜಗಳ ಗುಡ್ಡದ ಮೇಲೆ ಹುಟ್ಟಿದ್ದಲ್ಲ, ವೇದಿಕೆಯ ಭಾಷಣಗಳಲ್ಲಿ ಹುಟ್ಟಿದ್ದು. ಕಲೆಯನ್ನು ರಾಜ್ಯದ ಲೆಕ್ಕಕ್ಕೆ ಬರೆದುಕೊಳ್ಳುವ ಆತುರದಲ್ಲಿ ಅದನ್ನು ಕಟ್ಟಿದವರ, ಹಾಡಿದವರ ಹೆಸರೇ ಬಿಟ್ಟುಹೋಗುತ್ತದೆ. ನನ್ನ ತಕರಾರು ಅದಕ್ಕೆ.

ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ ನೋಡಿ. ಈ ಊರಲ್ಲೇ ನಡೆದ ಕೊಲೆಯೊಂದರ ಕಥೆ ಅದು. ಅದನ್ನು ಸಣ್ಣಾಟವಾಗಿ ಕಟ್ಟಿದವರು ಬೈಲವಾಡದ ಪತ್ತಾರ ಮಾಸ್ತರರು. ಚಂದ್ರಶೇಖರ ಕಂಬಾರರು ಅದನ್ನು ನಾಡಿಗೆಲ್ಲ ಪರಿಚಯಿಸಿದರು, ಮುಂದೆ ಸಿನಿಮಾ ಕೂಡ ಆಯಿತು. ಆದರೆ ಆಟ ನೋಡಿ ಕಣ್ಣೊರೆಸಿಕೊಂಡ ಎಷ್ಟು ಜನರಿಗೆ ಪತ್ತಾರ ಮಾಸ್ತರರ ಹೆಸರು ಗೊತ್ತು? ಇಲ್ಲಿ ಮರಾಠಿಗರು ನಮ್ಮಿಂದ ಏನನ್ನೂ ಕಸಿದಿಲ್ಲ, ಮರೆತವರು ನಾವೇ.

ಮರಾಠಿಗರು ಒಂದು ದೊಡ್ಡ ಋಣವನ್ನು ಒಪ್ಪಿಕೊಂಡಿದ್ದಾರೆ ಎಂಬುದನ್ನೂ ಹೇಳಬೇಕು. ಹೊನ್ನಾವರ ಬಳಿಯ ಕರ್ಕಿಯ ಯಕ್ಷಗಾನ ಮೇಳ ಸಾಂಗಲಿ ಸಂಸ್ಥಾನದಲ್ಲಿ ಆಟ ಆಡಿತು. ಅದರ ಪ್ರೇರಣೆಯಿಂದ ಮರಾಠಿ ನಾಟಕಕಾರ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿಯ ಚರಿತ್ರೆಕಾರರೇ ಇದನ್ನು ಬರೆದಿದ್ದಾರೆ. ಆಮೇಲೆ ಮರಾಠಿ ಕಂಪನಿ ನಾಟಕಗಳು ಧಾರವಾಡ, ಗದಗಕ್ಕೆ ಬಂದು ನಮ್ಮ ನಾಟಕ ಕಂಪನಿಗಳು ಹುಟ್ಟಲು ಕಾರಣವಾದವು. ನಾವು ಇದನ್ನು ಅಷ್ಟೇ ಧಾರಾಳವಾಗಿ ಹೇಳುತ್ತೇವೆಯೇ?

ಗಡಿ ದಾಟಿದ ಕಲೆಯನ್ನು ಜಗಳವಿಲ್ಲದೆ ಹಂಚಿಕೊಂಡ ಉದಾಹರಣೆ ಬೇರೆಡೆ ಇದೆ. ಆಫ್ರಿಕಾದ ಯೊರುಬಾ ಜನರೂ ಒಂದೇ ದೇಶದೊಳಗಿಲ್ಲ. ವಸಾಹತು ಆಳಿಕೆ ಎಳೆದ ಗಡಿಗಳಿಂದ ನೈಜೀರಿಯಾ, ಬೆನಿನ್, ಟೋಗೊಗಳಲ್ಲಿ ಹಂಚಿಹೋಗಿದ್ದಾರೆ. ತಾಯಂದಿರ ಶಕ್ತಿಗೆ ನಮಿಸುವ ಅವರ ಮುಖವಾಡದ ಕುಣಿತ ‘ಗೆಲೆಡೆ’ ಯುನೆಸ್ಕೊದ ಅಮೂರ್ತ ಪರಂಪರೆಯ 2008ರ ಪಟ್ಟಿಯಲ್ಲಿ ಮೂರೂ ದೇಶಗಳ ಹೆಸರಿನಲ್ಲಿದೆ. ಪಾಲು ಹಂಚಿಕೊಂಡದ್ದರಿಂದ ಯಾರ ಗೌರವವೂ ಕುಗ್ಗಲಿಲ್ಲ.

ನಮ್ಮಲ್ಲೂ ದಾರಿ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆ ಎರಡೂ ರಾಜ್ಯಗಳದ್ದು, ತಲಾ ನಾಲ್ಕು ಜಿಲ್ಲೆ. ಬೆಳಗಾವಿ ಅದರಲ್ಲೊಂದು. ಆದರೂ 2025ರಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅದೇ ಮಾದರಿಯ ಚಪ್ಪಲಿ ಪ್ರದರ್ಶಿಸಿ ಗದ್ದಲವೆದ್ದಾಗ, ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳನ್ನು ಮರೆಯಬೇಡಿ ಎಂದು ಕರ್ನಾಟಕ ನೆನಪಿಸಬೇಕಾಯಿತು. ಕಾಗದದ ಮಾನ್ಯತೆ ಚಪ್ಪಲಿ ಹೊಲಿಯುವವರ ಮನೆ ಬಾಗಿಲಿಗೆ ತಾನಾಗಿ ಬರುವುದಿಲ್ಲ.

ಎಲ್ಲಮ್ಮನ ಹಾಡುಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ ಪದ್ಧತಿಯನ್ನು ಕರ್ನಾಟಕದ 1982ರ ಕಾಯ್ದೆಯೇ ನಿಷೇಧಿಸಿತು. ಹಾಡಿನ ಹೊಗಳಿಕೆಯಲ್ಲಿ ಆ ಹೆಣ್ಣುಮಕ್ಕಳ ನೋವು ಮುಚ್ಚಿಹೋಗಬಾರದು. ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದದ್ದು ದೊಡ್ಡ ಸಂತೋಷ. ಆದರೆ ಹೆಸರೇ ದಾಖಲಾಗದ ಜೋಗತಿಯರು, ಜೋಗಪ್ಪಂದಿರು ಎರಡೂ ಕಡೆ ಇದ್ದಾರೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಮತ್ತು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ ಸೇರಿ ಈ ಹಾಡುಗಳನ್ನು ದಾಖಲಿಸಲಿ. ಪ್ರತಿ ಹಾಡಿನ ಜತೆ ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಎಂಬುದು ಅವರ ಒಪ್ಪಿಗೆಯಿಂದ ಬರಲಿ. ಹೆಸರು ಹೇಳದೆ, ಸಂಭಾವನೆ ಕೊಡದೆ ಯಾರ ಹಾಡನ್ನೂ ಸರ್ಕಾರದ ವೇದಿಕೆಯಲ್ಲಿ ಬಳಸಕೂಡದು. ಅಕ್ಟೋಬರ್‌ನ ಕಿತ್ತೂರು ಉತ್ಸವದಿಂದಲೇ ಈ ನಿಯಮ ಜಾರಿಗೆ ಬರಲಿ.