ಗಾಳ ಹಾಕೋ ಮುಂಚೆ ಊರವರನ್ನ ಕೇಳಿ

ಕಳೆದ ರಜೆಯಲ್ಲಿ ನಾನು, ನನ್ನ ರೂಮ್‌ಮೇಟ್ ಕುಂದಾಪುರದ ಹತ್ತಿರ ಒಂದು ಅಳಿವೆಗೆ ಸೀ ಬಾಸ್ ಹಿಡಿಯೋಕೆ ಹೋಗಿದ್ವಿ. ಕೈಯಲ್ಲಿ ಹೊಸ ರಾಡ್, ತಲೆ ತುಂಬ ಯೂಟ್ಯೂಬ್. ಅಲ್ಲಿ ಗಾಳ ಹಾಕ್ತಿದ್ದ ಅಜ್ಜ ಒಬ್ಬರು, ನೀರು ಏರೋ ಹೊತ್ತು, ಮರಳು ದಿಣ್ಣೆಗೆ ಹೋಗ್ಬೇಡಿ ಅಂದ್ರು. ಒಳ್ಳೆ ಜಾಗ ಬಿಟ್ಟುಕೊಡಲ್ಲ ಅಂತ ಹೀಗೆ ಹೇಳ್ತಿದ್ದಾರೆ ಅಂದ್ಕೊಂಡು ಹೋದ್ವಿ. ವಾಪಸ್ ಬರುವಾಗ ಪಾದ ಮುಳುಗುವಷ್ಟಿದ್ದ ನೀರು ಸೊಂಟಕ್ಕೆ ಬಂದಿತ್ತು.

ಕೆಲವರು ತಮ್ಮ ಜಾಗ ಮುಚ್ಚಿಡ್ತಾರೆ, ನಿಜ. ಆದರೆ ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ನೀರು ಹರಿಯುವಾಗಲೇ ಸೀ ಬಾಸ್ ಬೇಟೆಗೆ ಬರೋದು ಜಾಸ್ತಿ. ಆ ಲೆಕ್ಕ ದಿನಾ ಅಲ್ಲಿ ನಿಲ್ಲೋರಿಗೆ ಬಾಯಿಪಾಠ. ಅಮಾವಾಸ್ಯೆಗೆ ನೀರಿಗೆ ಇಳೀಬೇಡ ಅನ್ನೋದನ್ನ ನಾನು ಮೂಢನಂಬಿಕೆ ಅಂತಿದ್ದೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಉಬ್ಬರವೂ ದೊಡ್ಡದು, ಸೆಳೆತವೂ ಜೋರು.

ಹಾಗಂತ ಎಲ್ಲಾ ನಂಬ್ಬೇಕಾ? ಬೇಡ. ಸಲಹೆ ತಪ್ಪಾದ್ರೆ ಏನು ಹೋಗುತ್ತೆ ಅಂತ ನೋಡಿ. ಲೂರ್ ಬಣ್ಣದ ಮಾತಾದ್ರೆ ಹೋಗೋದು ಒಂದು ಮೀನು, ನೀವೇ ಟೆಸ್ಟ್ ಮಾಡಿ. ನೀರಿನ ಮಾತಾದ್ರೆ ಟೆಸ್ಟ್ ಮಾಡೋಕೆ ಹೋಗ್ಬೇಡಿ.